ಫ್ಲಮೆಂಕೊ ಗಿಟಾರಿಗೆ ಮೆಟ್ರೊನೋಮ್ ಆರಿಸುವುದು ಹೇಗೆ: ಮೊದಲು ಒತ್ತು, ಆಮೇಲೆ ಯಂತ್ರ

"ದಿನಾ ಮೆಟ್ರೊನೋಮ್ ಹಾಕ್ಕೊಂಡೇ ನುಡಿಸ್ತೀನಿ, ಆದ್ರೂ ಪಕ್ಕದಲ್ಲಿ ಯಾರಾದ್ರೂ ಚಪ್ಪಾಳೆ ಶುರು ಮಾಡಿದ್ರೆ ದಾರಿ ತಪ್ಪುತ್ತೆ." ಸ್ಪೇನಿನ ಫ್ಲಮೆಂಕೊ ಸಂಗೀತ ಕಲಿಯುವವರು ಈ ಮಾತನ್ನು ಮತ್ತೆ ಮತ್ತೆ ಹೇಳುತ್ತಾರೆ. ನಾನು ವಾಪಸ್ ಕೇಳುವುದು ಒಂದೇ ಪ್ರಶ್ನೆ: ನಿಮ್ಮ ಮೆಟ್ರೊನೋಮ್, ಅಂದರೆ ಲಯಕ್ಕೆ ಟಿಕ್ ಟಿಕ್ ಅನ್ನುವ ಯಂತ್ರ, ಯಾವ ಎಣಿಕೆಯ ಮೇಲೆ 'ಟಿಂಗ್' ಅನ್ನುತ್ತದೆ? 4ಕ್ಕೆ ಇಟ್ಟಿದ್ದೇನೆ ಅನ್ನುತ್ತಾರೆ. ಇಲ್ಲವೇ 12ಕ್ಕೆ ಇಟ್ಟಿದ್ದೇನೆ, 1ರ ಮೇಲೆ ಟಿಂಗ್ ಬರುತ್ತೆ ಅನ್ನುತ್ತಾರೆ. ತೊಂದರೆ ಇರುವುದೇ ಅಲ್ಲಿ.

ಬುಲೆರಿಯಾ ಅನ್ನುವ ಫ್ಲಮೆಂಕೊ ಬಗೆಯಲ್ಲಿ 12 ಎಣಿಕೆಯ ಸುತ್ತು, ಭಾರ ಬೀಳುವುದು 12ರ ಮೇಲೆ. 1 ಅನ್ನುವುದು ಆ ಭಾರ ಇಳಿಸಿದ ಮೇಲಿನ ಉಸಿರು, ಅಷ್ಟೇ. ಯಂತ್ರ ದಿನಕ್ಕೆ ಸಾವಿರ ಸಲ 1ರ ಮೇಲೆ ಟಿಂಗ್ ಅಂದರೆ ಕಿವಿ ಅದನ್ನೇ ನಂಬುತ್ತದೆ. ಆಮೇಲೆ ಜನರ ಜೊತೆ ಕೂತಾಗ ಆ ನಂಬಿಕೆ ಬಿಡಿಸುವುದು ಹೊಸದಾಗಿ ಕಲಿಯುವುದಕ್ಕಿಂತ ಕಷ್ಟ. ಅದಕ್ಕೇ ಯಂತ್ರ ಆರಿಸುವ ಕೆಲಸ ಯಂತ್ರದಿಂದ ಶುರುವಾಗಬಾರದು. ಕೆಳಗಿನ ಕ್ರಮವನ್ನು ಹಿಂದೆ ಮುಂದೆ ಮಾಡಬೇಡಿ.

## ಹಂತ 1: ಯಾವ ಪಾಲೊ ನುಡಿಸುತ್ತೀರಿ ಅಂತ ಬರೆದುಕೊಳ್ಳಿ

ಪಾಲೊ ಅಂದರೆ ಫ್ಲಮೆಂಕೊದ ಒಂದೊಂದು ಬಗೆ. ಮುಂದಿನ ಆರು ತಿಂಗಳಲ್ಲಿ ನೀವು ನಿಜವಾಗಿ ಕೂತು ಕಲಿಯುವ ಎರಡೋ ಮೂರೋ ಪಾಲೊಗಳನ್ನು ಮಾತ್ರ ಬರೆಯಿರಿ. ಎಲ್ಲವನ್ನೂ ಮಾಡುವ ಯಂತ್ರ ಬೇಕು ಅಂತ ಹುಡುಕಿದರೆ ಯಾವುದನ್ನೂ ಆರಿಸಲು ಆಗುವುದಿಲ್ಲ.

ತಾಂಗೋಸ್, ರುಂಬಾ ಮಾತ್ರ ಸಾಕು ಅಂದರೆ ಕೆಲಸ ಸುಲಭ. ಎರಡೂ 4 ಎಣಿಕೆಯವು, ಹೆಚ್ಚುಕಡಿಮೆ ಯಾವ ಮೆಟ್ರೊನೋಮ್ ಆದರೂ ನಡೆಯುತ್ತದೆ. ಸೊಲೆಆ, ಅಲೆಗ್ರಿಯಾಸ್, ಬುಲೆರಿಯಾ, ಸೆಗಿರಿಯಾ ಪಟ್ಟಿಯಲ್ಲಿದ್ದರೆ 12 ಎಣಿಕೆಯ ಸುತ್ತು ಬೇಕೇ ಬೇಕು. ಎಣಿಕೆಯ ಸುತ್ತಿಗೇ ಕೊಂಪಾಸ್ ಅನ್ನುವುದು.

ತಾರಾಂತಾ, ಗ್ರನಾಯಿನಾ, ರೊಂದೇನ್ಯಾ ಇವು ಗಿಟಾರಿನಲ್ಲಿ ಸಾಮಾನ್ಯವಾಗಿ ಕಟ್ಟಿಲ್ಲದ ಲಯದಲ್ಲಿ ನುಡಿಸುವಂಥವು. ಇವನ್ನು ಪಟ್ಟಿಗೆ ಸೇರಿಸಲೇ ಬೇಡಿ. ಇವಕ್ಕೆ ಮೆಟ್ರೊನೋಮ್ ಹಾಕಿ ಪೂರ್ತಿ ನುಡಿಸಿದರೆ ಪಾಲೊದ ಜೀವವೇ ಹೋಗುತ್ತದೆ.

## ಹಂತ 2: ಒತ್ತುಗಳನ್ನು ಕಾಗದದ ಮೇಲೆ ಇಳಿಸಿ

ಒಂದು ಹಾಳೆ, ಒಂದು ಪೆನ್ಸಿಲ್ ಸಾಕು. ಸೊಲೆಆ, ಅಲೆಗ್ರಿಯಾಸ್, ಬುಲೆರಿಯಾ ಮೂರಕ್ಕೂ ಮೂಲ ಒತ್ತುಗಳು 3, 6, 8, 10, 12ರ ಮೇಲೆ:

1 2 3 4 5 6 7 8 9 10 11 12

ಈ ಸಾಲನ್ನು ಸ್ವಲ್ಪ ಹೊತ್ತು ದಿಟ್ಟಿಸಿ ನೋಡಿ. ಮೊದಲು ಮೂರರ ಗುಂಪುಗಳು, ಆಮೇಲೆ ಎರಡರ ಗುಂಪುಗಳು. 6 ದಾಟಿದ ಮೇಲೆ ಲಯ ತಿರುಗುತ್ತದೆ. ಕಲಿಯುವವರು ಬೀಳುವ ದೊಡ್ಡ ಗುಂಡಿ ಇದೇ: 3, 6 ಆದ ಮೇಲೆ ಅದೇ ಜೋರಿನಲ್ಲಿ 9ಕ್ಕೆ ಹೋಗಿಬಿಡುತ್ತಾರೆ. 9ರ ಮೇಲೆ ಒತ್ತಿಲ್ಲ. ಒತ್ತು ಇರುವುದು 8 ಮತ್ತು 10ರ ಮೇಲೆ.

ನಾನೂ ಆ ಗುಂಡಿಯಲ್ಲಿ ಬಹಳ ದಿನ ಇದ್ದೆ. ಮೆಟ್ರೊನೋಮ್ ಅನ್ನು 3ಕ್ಕೆ ಇಟ್ಟು ಬುಲೆರಿಯಾ ಅಭ್ಯಾಸ ಮಾಡುತ್ತಿದ್ದೆ, ಹಾಗಾಗಿ ಟಿಂಗ್ 12, 3, 6, 9ರ ಮೇಲೆ ಬೀಳುತ್ತಿತ್ತು. ಒಮ್ಮೆ ಪಾಲ್ಮಾಸ್, ಅಂದರೆ ಚಪ್ಪಾಳೆಯ ತಾಳ, ಹಾಕುವವರೊಬ್ಬರು ಎದುರು ಕೂತರು. ನನ್ನ ಮುಕ್ತಾಯ ಪ್ರತೀ ಸಲ ಒಂದು ಎಣಿಕೆ ಮುಂಚೆ, 9ರ ಮೇಲೆ ಬಂದು ನಿಂತಿತು. ಅವರು ಏನೂ ವಿವರಿಸಲಿಲ್ಲ. ಚಪ್ಪಾಳೆ ನಿಲ್ಲಿಸಿ, ಬೆರಳ ಗೆಣ್ಣಿನಿಂದ ಮೇಜಿನ ಮೇಲೆ ನಿಧಾನವಾಗಿ ಏಳು, ಎಂಟು, ಒಂಬತ್ತು, ಹತ್ತು ಕುಟ್ಟಿದರು. ಎಂಟು ಜೋರು, ಹತ್ತು ಇನ್ನೂ ಜೋರು, ಆಮೇಲೆ ಕೈ ಮೇಜಿನ ಮೇಲೇ ಉಳಿಯಿತು. ಆ ನಾಲ್ಕು ಪೆಟ್ಟು ಕೇಳಿದಾಗ ತಪ್ಪು ಕೈಯಲ್ಲಿಲ್ಲ, ನಾನು ಇಟ್ಟ ಯಂತ್ರದಲ್ಲಿದೆ ಅಂತ ಗೊತ್ತಾಯಿತು.

ಎಣಿಕೆ ಎಲ್ಲಿಂದ ಶುರು ಅನ್ನುವುದನ್ನೂ ಬರೆದುಕೊಳ್ಳಿ. ಸೊಲೆಆ, ಅಲೆಗ್ರಿಯಾಸ್ ಅನ್ನು 1ರಿಂದ ಎಣಿಸಿ. ಬುಲೆರಿಯಾವನ್ನು 12ರಿಂದ ಎಣಿಸಿ: 12, 1, 2, 3 ಹೀಗೆ. ಮೂರರಲ್ಲೂ ಮುಕ್ತಾಯ 10ರ ಮೇಲೆ.

ಸೆಗಿರಿಯಾಗೆ ಬೇರೆ ಸಾಲು ಬೇಕು. ಇದನ್ನು ಐದು ಪೆಟ್ಟು ಅಂತ ಎಣಿಸುತ್ತಾರೆ, ಆದರೆ ಐದೂ ಒಂದೇ ಅಳತೆಯವಲ್ಲ. 2, 2, 3, 3, 2, ಒಟ್ಟು 12. ಐದು ಎಣಿಕೆ ಅಂದ ಕೂಡಲೇ ಮೆಟ್ರೊನೋಮ್ ಅನ್ನು 5ಕ್ಕೆ ತಿರುಗಿಸುವವರು ತುಂಬಾ ಜನ. ಆಗ ಬರುವುದು ಐದು ಸಮ ಪೆಟ್ಟು, ಅದು ಸೆಗಿರಿಯಾ ಅಲ್ಲವೇ ಅಲ್ಲ. ಮೂರನೆಯದೂ ನಾಲ್ಕನೆಯದೂ ಉದ್ದವಾಗಿ ಎಳೆಯಬೇಕು.

ತಾಂಗೋಸ್‌ನಲ್ಲಿ 1 ಸಾಮಾನ್ಯವಾಗಿ ಖಾಲಿ, ಚಪ್ಪಾಳೆ 2, 3, 4ರ ಮೇಲೆ. ರುಂಬಾದಲ್ಲಿ ಎಂಟು ಸಣ್ಣ ಎಣಿಕೆ ಹಾಕಿ 3, 3, 2 ಅಂತ ಒಡೆದರೆ ಸಾಕು.

## ಹಂತ 3: ಯಂತ್ರವಿಲ್ಲದೆ ಬಾಯಲ್ಲಿ ಎಣಿಸಿ

ಇದನ್ನು ಬಿಟ್ಟು ಮುಂದಕ್ಕೆ ಹೋಗುವವರೇ ಜಾಸ್ತಿ, ಅಲ್ವಾ? ಆದರೆ ಎಣಿಕೆ ಬಾಯಿಗೆ ಬರದೆ ಯಾವ ಯಂತ್ರ ಸರಿ ಅಂತ ಪರೀಕ್ಷಿಸಲು ಆಗುವುದಿಲ್ಲ.

ಕನ್ನಡದಲ್ಲಿ ಎಣಿಸುವವರಿಗೆ ಒಂದು ತೊಡಕಿದೆ. ಹನ್ನೊಂದು, ಹನ್ನೆರಡು ಉದ್ದದ ಪದಗಳು. ಬುಲೆರಿಯಾ ವೇಗದಲ್ಲಿ ನಾಲಿಗೆ ಅಲ್ಲೇ ತೊಡರುತ್ತದೆ, ನಾಲಿಗೆ ತಡವಾದರೆ ಕೈಯೂ ತಡ. ಸ್ಪ್ಯಾನಿಷ್‌ನಲ್ಲಿ ಎಣಿಸುವವರೂ 11, 12 ಬಂದಾಗ ಸುಮ್ನೆ 'ಒಂದು, ಎರಡು' ಅಂತ ಚಿಕ್ಕದಾಗಿ ಹೇಳಿಬಿಡುತ್ತಾರೆ. ನೀವೂ ಹಾಗೇ ಮಾಡಿ:

ಒಂದ್, ಎರ್ಡ್, ಮೂರ್, ನಾಕ್, ಐದ್, ಆರ್, ಏಳ್, ಎಂಟ್, ಒಂಬತ್, ಹತ್, ಒಂದ್, ಎರ್ಡ್

ಮೂರ್, ಆರ್, ಎಂಟ್, ಹತ್, ಕೊನೆಯ ಎರ್ಡ್ ಬಂದಲ್ಲಿ ತೊಡೆಯ ಮೇಲೆ ಒಂದು ತಟ್ಟು. ತಪ್ಪಿಲ್ಲದೆ ಹತ್ತು ಸುತ್ತು ಆಗುವ ತನಕ ಗಿಟಾರ್ ಮುಟ್ಟಬೇಡಿ. ಎಣಿಸುವಾಗ ಉಸಿರು ಕಟ್ಟುತ್ತಿದ್ದರೆ ವೇಗ ಜಾಸ್ತಿಯಾಗಿದೆ ಅಂತ ಅರ್ಥ.

## ಹಂತ 4: ಯಾವ ಬಗೆಯ ಯಂತ್ರ

ಲೋಲಕದ ಮೆಟ್ರೊನೋಮ್. ನೋಡಲು ಚೆಂದ, ಬ್ಯಾಟರಿ ಬೇಡ. ಆದರೆ ಸಾಮಾನ್ಯವಾಗಿ ಇದರ ವೇಗ ನಿಮಿಷಕ್ಕೆ 40ರಿಂದ 208 ಪೆಟ್ಟು. ಬುಲೆರಿಯಾ 190ರಿಂದ 240ರ ತನಕ ಓಡುತ್ತದೆ, ಹಾಗಾಗಿ ಪೂರ್ತಿ ವೇಗ ಇದರಲ್ಲಿ ಸಿಗುವುದಿಲ್ಲ. ಗಂಟೆ ಇರುವ ಮಾದರಿಯಲ್ಲೂ 2, 3, 4, 6 ಇಷ್ಟೇ ಇರುತ್ತದೆ, 12 ಇಲ್ಲ. ಮೇಜು ಸ್ವಲ್ಪ ಓರೆಯಾಗಿದ್ದರೂ ಟಿಕ್ ಟಾಕ್ ಕುಂಟುತ್ತದೆ. ಫ್ಲಮೆಂಕೊಗಾಗಿಯೇ ಹೊಸದಾಗಿ ಇದನ್ನು ಕೊಳ್ಳಬೇಡಿ. ಮನೆಯಲ್ಲಿ ಇದ್ದರೆ ಉಪಾಯವಿದೆ, ಹಂತ 6ರಲ್ಲಿ ಹೇಳುತ್ತೇನೆ.

ಪುಟ್ಟ ಎಲೆಕ್ಟ್ರಾನಿಕ್ ಮೆಟ್ರೊನೋಮ್. ಜೇಬಿಗೆ ಹೋಗುತ್ತದೆ, ಫೋನಿನ ಕಾಟ ಇಲ್ಲ. ಆದರೆ ಎಷ್ಟೋ ಮಾದರಿಗಳಲ್ಲಿ ಒಂದು ಸುತ್ತಿಗೆ 12 ಎಣಿಕೆ ಇಡಲು ಆಗುವುದಿಲ್ಲ, ಇಟ್ಟರೂ ಒತ್ತು ಮೊದಲ ಎಣಿಕೆಗೆ ಮಾತ್ರ. ಕೊಳ್ಳುವ ಮೊದಲು ಈ ಎರಡನ್ನೂ ನೋಡಲೇಬೇಕು.

ಫೋನಿನ ಸಾಮಾನ್ಯ ಮೆಟ್ರೊನೋಮ್ ಆ್ಯಪ್. ಬಹುಪಾಲು ಜನರಿಗೆ ನಾನು ಹೇಳುವುದು ಇದನ್ನೇ, ಒಂದು ಷರತ್ತಿನ ಮೇಲೆ: ಪ್ರತೀ ಎಣಿಕೆಯನ್ನೂ ಬೇರೆಬೇರೆಯಾಗಿ ಜೋರು, ಮೆಲ್ಲಗೆ, ಮೌನ ಅಂತ ಮಾಡಲು ಬರಬೇಕು. 12 ಚೌಕಗಳು ಪರದೆಯ ಮೇಲೆ ಕಂಡು, ಒಂದೊಂದನ್ನು ಒತ್ತಿದಾಗ ಬಣ್ಣ ಬದಲಾಗುವಂಥವು ಇರುತ್ತವೆ. ಅಂಥದ್ದು ನೋಡಿ.

ಫ್ಲಮೆಂಕೊಗೆಂದೇ ಮಾಡಿದ ಆ್ಯಪ್, ಪಾಲ್ಮಾಸ್ ಧ್ವನಿಮುದ್ರಣ. ಚಪ್ಪಾಳೆ, ಕಾಹೋನ್ (ಮೇಲೆ ಕೂತು ಬಾರಿಸುವ ಮರದ ಪೆಟ್ಟಿಗೆ), ಮೇಜಿನ ಮೇಲೆ ಗೆಣ್ಣಿನ ಸದ್ದು ಎಲ್ಲ ಇರುತ್ತದೆ. ಕೇಳಲು ಖುಷಿ. ಆದರೆ ಇದರಿಂದಲೇ ಶುರು ಮಾಡಬೇಡಿ ಅನ್ನುತ್ತೇನೆ. ಪೆಟ್ಟಿನ ನಡುವೆ ಬೀಳುವ ಎದುರು ಚಪ್ಪಾಳೆ ಎಲ್ಲ ಸಂದುಗಳನ್ನೂ ತುಂಬಿಬಿಡುತ್ತದೆ, ನಿಮ್ಮ ಕೈ ಎಲ್ಲಿ ಜಾರಿತು ಅಂತ ಕೇಳಿಸುವುದೇ ಇಲ್ಲ. ಒಣ ಟಿಕ್ ಜೊತೆ ಗಟ್ಟಿಯಾದ ಮೇಲೆ ಇದಕ್ಕೆ ಬನ್ನಿ. ಇನ್ನೊಂದು ಮಾತು, ಮುದ್ರಿಸಿದ ಪಾಲ್ಮಾಸ್ ಅನ್ನು ಮೂಲ ವೇಗಕ್ಕಿಂತ ತುಂಬಾ ನಿಧಾನ ಮಾಡಿದರೆ ಚಪ್ಪಾಳೆಯ ತುದಿ ಹರಡಿಕೊಂಡು ಪೆಟ್ಟು ಎಲ್ಲಿ ಅಂತಲೇ ತಿಳಿಯುವುದಿಲ್ಲ. ಬೇರೆಬೇರೆ ವೇಗಕ್ಕೆ ಬೇರೆಬೇರೆ ಮುದ್ರಣ ಇರುವುದನ್ನು ಹುಡುಕಿ.

## ಹಂತ 5: ಗಿಟಾರ್ ಕೈಯಲ್ಲಿ ಹಿಡಿದು ಪರೀಕ್ಷಿಸಿ

ಗಿಟಾರ್ ಇಲ್ಲದೆ ಮೆಟ್ರೊನೋಮ್ ಆರಿಸಬೇಡಿ. ಮೌನ ಕೋಣೆಯಲ್ಲಿ ಎಲ್ಲ ಟಿಕ್ಕೂ ಚೆನ್ನಾಗೇ ಕೇಳಿಸುತ್ತದೆ.

ಮೊದಲು ಸದ್ದು. ಟಿಕ್ ಹಾಕಿಕೊಂಡು ಜೋರಾಗಿ ರಾಸ್ಗೆಯಾದೊ (ಬೆರಳುಗಳನ್ನು ಒಂದರ ಹಿಂದೊಂದು ಬಿಡಿಸುತ್ತಾ ತಂತಿಗಳ ಮೇಲೆ ಬೀಸುವುದು) ಬಾರಿಸಿ, ನಡುನಡುವೆ ಗೋಲ್ಪೆ ಹಾಕಿ. ಗೋಲ್ಪೆ ಅಂದರೆ ಉಗುರಿನಿಂದ ಗಿಟಾರಿನ ಮೈ ಮೇಲೆ ತಟ್ಟುವುದು, ಆ ಸದ್ದು ಒಣ ಮರದ ಟಕ್. ಎಷ್ಟೋ ಮೆಟ್ರೊನೋಮ್‌ಗಳ ಮೂಲ ಸದ್ದೂ ಅದೇ ಮರದ ಟಕ್! ಎರಡೂ ಬೆರೆತರೆ ನೀವು ಕೇಳುತ್ತಿರುವುದು ಯಂತ್ರವನ್ನೋ ನಿಮ್ಮ ಉಗುರನ್ನೋ ಗೊತ್ತಾಗುವುದಿಲ್ಲ. ಮೂರು ವಾರ ಅಭ್ಯಾಸ ಮಾಡಿ, ತಾನು ಸರಿಯಾಗಿದ್ದೇನೆ ಅಂದುಕೊಂಡು, ನಿಜಕ್ಕೂ ತನ್ನ ಗೋಲ್ಪೆಯನ್ನೇ ಹಿಂಬಾಲಿಸುತ್ತಿದ್ದವರನ್ನು ನೋಡಿದ್ದೇನೆ. ಸದ್ದು ಬದಲಿಸುವ ಅವಕಾಶ ಇರಲೇಬೇಕು. ಚಿಕ್ಕದಾದ, ಎತ್ತರದ ಸ್ವರದ, ಬಾಲವಿಲ್ಲದ ಸದ್ದು ಒಳ್ಳೆಯದು. ನಿಮಿಷಕ್ಕೆ 240 ಅಂದರೆ ಒಂದು ಎಣಿಕೆಗೆ ಕಾಲು ಸೆಕೆಂಡ್. ಗಂಟೆಯ ಥರ ಗುಂಯ್‌ಗುಡುವ ಸದ್ದು ಮುಂದಿನ ಎಣಿಕೆಯ ಮೇಲೆ ಚೆಲ್ಲಿಕೊಳ್ಳುತ್ತದೆ.

ಆಮೇಲೆ ಸ್ಥಿರತೆ. ವೇಗ 120ಕ್ಕೆ, ಸುತ್ತು 12ಕ್ಕೆ ಇಡಿ. ಸ್ಟಾಪ್‌ವಾಚ್ ಹಿಡಿದು ಸುತ್ತುಗಳನ್ನು ಎಣಿಸಿ. ಸರಿಯಾಗಿ ಒಂದು ನಿಮಿಷಕ್ಕೆ ಹತ್ತು ಸುತ್ತು ಮುಗಿದು ಹನ್ನೊಂದನೆಯದು ಶುರುವಾಗಬೇಕು. ಫೋನ್ ಆದರೆ ಪರದೆ ಆರಿಸಿ ಇನ್ನೊಮ್ಮೆ ಮಾಡಿ. ಕೆಲವು ಆ್ಯಪ್‌ಗಳು ಪರದೆ ಆರಿದ ಮೇಲೆ ತಡವರಿಸುತ್ತವೆ.

ವೇಗ ಬದಲಿಸಿ ನೋಡಿ. ಓಡುತ್ತಿರುವಾಗಲೇ 120ರಿಂದ 123ಕ್ಕೆ ಏರಿಸಿ. ಸುತ್ತು ಮುರಿಯದೆ ಮುಂದುವರಿಯಬೇಕು. ಮತ್ತೆ ಮೊದಲಿಂದ ಶುರುವಾದರೆ ಪ್ರತೀ ಸಲ ನಿಮ್ಮ ಎಣಿಕೆಯೂ ಹಾಳು. ಒಂದೊಂದೇ ಅಂಕಿ ಏರಿಸಲು ಬರಬೇಕು, ಗರಿಷ್ಠ ವೇಗ 250 ಆದರೂ ಇರಲಿ.

ಬ್ಲೂಟೂತ್. ಬ್ಲೂಟೂತ್ ಹೆಡ್‌ಫೋನ್ ಬೇಡವೇ ಬೇಡ ಅನ್ನುವವರಿದ್ದಾರೆ. ಅದು ಪೂರ್ತಿ ನಿಜವಲ್ಲ. ಸದ್ದು ತಡವಾಗಿ ಬಂದರೂ ಪ್ರತೀ ಸಲ ಅಷ್ಟೇ ತಡವಾಗಿ ಬಂದರೆ ನಿಮ್ಮ ಕೈ ಆ ಸದ್ದಿನ ಜೊತೆಗೇ ಹೋಗುತ್ತದೆ, ಏನೂ ತೊಂದರೆ ಇಲ್ಲ. ತೊಂದರೆ ಆಗುವುದು ಪರದೆಯ ಮಿಂಚು ನೋಡುತ್ತಾ ಸದ್ದು ಕೇಳಿದಾಗ, ಮತ್ತು ಅದೇ ಫೋನಿನಲ್ಲಿ ಟಿಕ್ ಜೊತೆ ರೆಕಾರ್ಡ್ ಮಾಡಿದಾಗ. ಈ ಎರಡಕ್ಕೆ ವೈರ್ ಇರುವುದನ್ನೇ ಬಳಸಿ.

ಕೊನೆಗೆ ಮೌನ. ಒಂದು ಸುತ್ತು ಸದ್ದು, ಒಂದು ಸುತ್ತು ಮೌನ ಅಂತ ಇಡಲು ಬರುತ್ತಾ ನೋಡಿ. ಬಂದರೆ ಹೆಚ್ಚಿನ ಲಾಭ. ಇಲ್ಲದಿದ್ದರೂ ಎಣಿಕೆಗಳನ್ನು ಒಂದೊಂದಾಗಿ ಮೌನ ಮಾಡಲು ಬಂದರೆ ಸಾಕು.

## ಹಂತ 6: ಒತ್ತುಗಳನ್ನು ಯಂತ್ರಕ್ಕೆ ತುಂಬಿ

ತಪ್ಪು ಜಾಸ್ತಿ ಆಗುವುದು ಇಲ್ಲಿ. ಯಂತ್ರದ 1 ಬೇರೆ, ಕೊಂಪಾಸಿನ 1 ಬೇರೆ.

ಸೊಲೆಆ, ಅಲೆಗ್ರಿಯಾಸ್‌ಗೆ: 12 ಚೌಕ, ಒತ್ತು 3, 6, 8, 10, 12ಕ್ಕೆ. ಚೌಕ 1ರ ಒತ್ತನ್ನು ಮರೆಯದೆ ತೆಗೆಯಿರಿ, ಯಂತ್ರ ಅದನ್ನು ತಾನಾಗಿ ಹಾಕಿರುತ್ತದೆ.

ಬುಲೆರಿಯಾಗೆ: ಯಂತ್ರದ ಚೌಕ 1 ಅನ್ನು ನಿಮ್ಮ 12 ಅಂದುಕೊಳ್ಳಿ. ಆಗ ಒತ್ತು ಬೀಳಬೇಕಾದ ಚೌಕಗಳು 1, 4, 7, 9, 11. ಬಾಯಲ್ಲಿ ಮಾತ್ರ 12ರಿಂದಲೇ ಎಣಿಸಿ.

ಸೆಗಿರಿಯಾಗೆ: 12 ಚೌಕ, ಒತ್ತು 1, 3, 5, 8, 11ಕ್ಕೆ. ಉಳಿದವು ಮೆಲ್ಲಗೆ ಇರಲಿ, ಮೌನ ಬೇಡ. ಉದ್ದದ ಪೆಟ್ಟುಗಳ ಒಳಗಿನ ಮೂರು ಸಣ್ಣ ಎಣಿಕೆ ಕೇಳಿಸಿದರೇನೇ ಅಳತೆ ಸರಿಬರುತ್ತದೆ.

ತಾಂಗೋಸ್‌ಗೆ: 4 ಚೌಕ, 1 ಮೌನ. ಆ ಮೌನದ ಮೇಲೆ ನಿಮ್ಮ ಕಾಲು ಬೀಳಲಿ.

12 ಇಡಲು ಬಾರದ ಯಂತ್ರವೇ ಇದೆಯಾ? 6ಕ್ಕೆ ಇಟ್ಟು 12ರಿಂದ ಶುರು ಮಾಡಿ. ಟಿಂಗ್ 12 ಮತ್ತು 6ರ ಮೇಲೆ ಬೀಳುತ್ತದೆ, ಎರಡೂ ನಿಜವಾದ ಒತ್ತುಗಳೇ. 4ಕ್ಕೆ ಇಟ್ಟರೆ 12, 4, 8 ಆಗುತ್ತದೆ, 4 ತಪ್ಪು. 3ಕ್ಕೆ ಇಟ್ಟರೆ 9ರ ಗುಂಡಿ. ವೇಗ ಸಾಲದ ಲೋಲಕದ ಯಂತ್ರಕ್ಕೂ ದಾರಿಯಿದೆ: ಬುಲೆರಿಯಾ 220 ಬೇಕಾದರೆ 110ಕ್ಕೆ ಇಡಿ, ಗಂಟೆ ಬೇಡ. ಟಿಕ್ 12, 2, 4, 6, 8, 10ರ ಮೇಲೆ ಬರುತ್ತದೆ. ಎಷ್ಟೋ ವಾದಕರ ಕಾಲು ಬುಲೆರಿಯಾದಲ್ಲಿ ಬೀಳುವುದೂ ಈ ಸರಿಸಂಖ್ಯೆಗಳ ಮೇಲೇ.

## ಹಂತ 7: ಮೊದಲ ಎರಡು ವಾರ ನುಡಿಸುವ ಕ್ರಮ

ಎಡಗೈಯಿಂದ ತಂತಿಗಳನ್ನು ಮೆಲ್ಲಗೆ ಮುಚ್ಚಿ, ಸ್ವರ ಬರದ ಹಾಗೆ ಬಲಗೈ ಮಾತ್ರ ಆಡಿಸಿ. ಒತ್ತು ಇರುವಲ್ಲಿ ಜೋರು, ಉಳಿದಲ್ಲಿ ಹಗುರ. ಸೊಲೆಆ 80ರ ಆಸುಪಾಸಿನಲ್ಲಿ ಶುರು ಮಾಡಿ. ಇದು ಹಿಡಿತಕ್ಕೆ ಬಂದ ಮೇಲೆ ಸ್ವರ ಸೇರಿಸಿ: 3ರ ಮೇಲೆ ಎಫ್, 10ರ ಮೇಲೆ ವಾಪಸ್ ಇ. ಈ ಎರಡು ಜಾಗ ತಪ್ಪದಿದ್ದರೆ ನಡುವೆ ಸಣ್ಣಪುಟ್ಟದ್ದು ಜಾರಿದರೂ ಸುತ್ತು ನಿಲ್ಲುತ್ತದೆ.

ಬುಲೆರಿಯಾವನ್ನು ತೀರಾ ನಿಧಾನ ಇಟ್ಟು ವಾರಗಟ್ಟಲೆ ನುಡಿಸಬೇಡಿ. 60, 70ರಲ್ಲಿ ಅದರ ತೂಗಾಟ ಕಾಣುವುದೇ ಇಲ್ಲ, ಕೈ ಬೇರೇನನ್ನೋ ಕಲಿಯುತ್ತದೆ. ಬೆರಳು ಜಾಗ ಹಿಡಿಯುವ ತನಕ ನಿಧಾನ, ಆಮೇಲೆ ಆದಷ್ಟು ಬೇಗ 120 ದಾಟಿಸಿ. ಅಲ್ಲಿಂದ ಮುಂದೆ ಮಾತ್ರ ಎರಡು ಮೂರು ಅಂಕಿಯಂತೆ ಏರಿಸಿ.

ಹೊಸ ಫಾಲ್ಸೆಟಾಗೆ (ಗಿಟಾರ್ ಒಂಟಿಯಾಗಿ ನುಡಿಸುವ ಸಣ್ಣ ಸ್ವರಸಾಲು) ಬೆರಳು ಹುಡುಕುವಾಗ ಟಿಕ್ ಬೇಡ. ಎಡವುತ್ತಾ ನಿಂತು ನಿಂತು ನುಡಿಸುವಾಗ ಅದನ್ನು ಹಾಕಿಕೊಂಡರೆ ಟಿಕ್ ಅನ್ನು ಕೇಳದೇ ಇರುವ ಅಭ್ಯಾಸ ಬೆಳೆಯುತ್ತದೆ. ಅದು ಬಹಳ ಕೆಟ್ಟ ಅಭ್ಯಾಸ. ಹಾಗೇ ಫ್ಲಮೆಂಕೊ ಟ್ರೆಮೊಲೊ, ಅಂದರೆ ಹೆಬ್ಬೆರಳಿನ ಹಿಂದೆ ಉಳಿದ ಬೆರಳುಗಳಿಂದ ಒಂದೇ ತಂತಿಯನ್ನು ಬೇಗಬೇಗ ಮೀಟುವುದು. ಒಂದು ಪೆಟ್ಟಿಗೆ ಐದು ಸ್ವರ ಅಂತ ಯಂತ್ರದಲ್ಲಿ ಐದು ಸಣ್ಣ ಟಿಕ್ ಹಾಕುವುದು ಬೇಡ, ಹೆಬ್ಬೆರಳಿಗೆ ಮಾತ್ರ ಒಂದು ಟಿಕ್ ಇಡಿ. ಉಳಿದ ನಾಲ್ಕು ಬೆರಳೇಟು ಸಮವಾಗಿದೆಯಾ ಅಂತ ನಿಮ್ಮ ಕಿವಿಯೇ ಕೇಳಲಿ.

## ಏನೋ ತಪ್ಪಾಗಿದೆ ಅಂತ ತಿಳಿಸುವ ಗುರುತುಗಳು

ಕಾಲು ಕೈಯನ್ನು ಹಿಂಬಾಲಿಸುತ್ತಿದೆ. ರಾಸ್ಗೆಯಾದೊ ಬಂದಾಗ ಕಾಲು ಗಡಗಡ ಅಂತ ಜಾಸ್ತಿ ಬೀಳುತ್ತಿದ್ದರೆ ಲಯ ಹಿಡಿದಿರುವುದು ಕಾಲಲ್ಲ. ಗಿಟಾರ್ ಕೆಳಗಿಟ್ಟು ಹಂತ 3ಕ್ಕೆ ಹೋಗಿ.

ಫಾಲ್ಸೆಟಾ ಶುರುವಾದ ಕೂಡಲೇ ಬಾಯಿ ಮುಚ್ಚುತ್ತದೆ. ಎಣಿಕೆ ನಿಂತ ಜಾಗವೇ ನಿಮಗೆ ಗೊತ್ತಿಲ್ಲದ ಜಾಗ. ಅಲ್ಲಿಂದ ಹಿಂದಿನ ಒಂದು ಸುತ್ತು ಸೇರಿಸಿ ನಿಧಾನವಾಗಿ ಮಾಡಿ.

ಪ್ರತೀ ಸಲ 10ಕ್ಕೆ ಮುಂಚೆ ತಲುಪುತ್ತೀರಿ. 7ರಿಂದ 10ರ ನಡುವೆ ಓಡುತ್ತಿದ್ದೀರಿ ಇಲ್ಲವೇ 9ರ ಮೇಲೆ ಒತ್ತು ಹಾಕುತ್ತಿದ್ದೀರಿ. ಆ ನಾಲ್ಕು ಎಣಿಕೆಯನ್ನಷ್ಟೇ ಗೆಣ್ಣಿನಿಂದ ಮೇಜಿನ ಮೇಲೆ ಕುಟ್ಟಿ.

ಟಿಕ್ ಇದ್ದಾಗ ಸರಿ, ನಿಲ್ಲಿಸಿದ ಮೇಲೆ ವೇಗ ಏರುತ್ತದೆ. ನೀವು ಲಯ ಕಾಯುತ್ತಿಲ್ಲ, ಟಿಕ್‌ಗಾಗಿ ಕಾಯುತ್ತಿದ್ದೀರಿ. ಇದಕ್ಕೆ ಕೊನೆಯ ಹಂತವೇ ಮದ್ದು.

## ಹಂತ 8: ಟಿಕ್‌ಗಳನ್ನು ಒಂದೊಂದಾಗಿ ತೆಗೆಯಿರಿ

ಮೊದಲು 12 ಎಣಿಕೆಯೂ ಕೇಳಿಸಲಿ. ಅದರಲ್ಲಿ ಐದು ನಿಮಿಷ ತಪ್ಪಿಲ್ಲದೆ ನಿಂತರೆ ಒತ್ತಿನ ಐದನ್ನು ಬಿಟ್ಟು ಉಳಿದವನ್ನು ಮೌನ ಮಾಡಿ. ಆಮೇಲೆ 12 ಮತ್ತು 6 ಮಾತ್ರ. ಆಮೇಲೆ 12 ಒಂದೇ. ಕೊನೆಗೆ ಒಂದು ಸುತ್ತು ಸದ್ದು, ಒಂದು ಸುತ್ತು ಮೌನ, ಅದು ಬಂದ ಮೇಲೆ ಮೂರು ಸುತ್ತು ಮೌನ.

ಮೌನದಿಂದ ಹೊರಬಂದಾಗ ಟಿಕ್ ನಿಮ್ಮ ಪೆಟ್ಟಿನ ಕೆಳಗೇ ಅಡಗಿಬಿಟ್ಟರೆ ಸರಿಯಾಗಿದೆ. ಟಿಕ್ ಬೇರೆಯಾಗಿ ಕೇಳಿಸಿದರೆ ಮುಂಚೆ ಕೇಳಿಸಿತೋ ಆಮೇಲೆ ಕೇಳಿಸಿತೋ ಗಮನಿಸಿ, ಹಾಳೆಯ ಮೇಲೆ 'ಮುಂಚೆ' ಅಥವಾ 'ತಡ' ಅಂತ ಬರೆಯಿರಿ. ಟಿಕ್ ಮುಂಚೆ ಬಂದರೆ ನೀವು ತಡ, ಟಿಕ್ ತಡವಾಗಿ ಬಂದರೆ ನೀವು ಮುಂಚೆ. ಒಂದು ವಾರ ಹೀಗೆ ಬರೆದರೆ ನಿಮ್ಮ ಕೈ ಯಾವ ಕಡೆ ವಾಲುತ್ತದೆ ಅಂತ ಹಾಳೆಯಲ್ಲೇ ಕಾಣುತ್ತದೆ. ಪಾಲ್ಮಾಸ್ ಮುದ್ರಣ ಹಾಕಿಕೊಂಡು ನುಡಿಸಲು ಸರಿಯಾದ ಸಮಯ ಅದು. ಮುದ್ರಣ ಶುರುವಾದ ಕೂಡಲೇ ಗಿಟಾರ್ ಎತ್ತಬೇಡಿ. ಎರಡು ಸುತ್ತು ಬಾಯಲ್ಲಿ ಎಣಿಸಿ, 10 ಎಲ್ಲಿದೆ ಅಂತ ಕೇಳಿಕೊಂಡು, ಮುಂದಿನ 12ರ ಮೇಲೆ ಒಳಗೆ ಬನ್ನಿ.